ಕಡ್ಡಿಯ ಮೇಲೆ ಏರಿದ ಎಣ್ಣೆ

ಮಧ್ಯಪ್ರದೇಶದ ರೇವಾ ದಾಟಿ ಘಟ್ಟ ಇಳಿಯುವಾಗ ದೇವೇಂದ್ರಪ್ಪನಿಗೆ ಆ ಸದ್ದು ಮೊದಲು ಕೇಳಿಸಿತು. ಕ್ಯಾಬಿನ್ನಿನ ಅಡಿಯಲ್ಲಿ ಯಾರೋ ಕೂತು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿರುವ ಹಾಗೆ, ಟಕಟಕ ಟಕಟಕ ಎಂದು ಒಂದೇ ಸಮನೆ. ರಸ್ತೆ ಸರಿಯಿಲ್ಲ, ಏನೋ ಸಡಿಲಾಗಿರಬೇಕು ಎಂದುಕೊಂಡು ಹತ್ತು ಮೈಲಿ ಹೋದ. ಅಷ್ಟರಲ್ಲಿ ಮೀಟರುಗಳ ನಡುವೆ ಎಣ್ಣೆಗಿಂಡಿಯ ಗುರುತಿನ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಆ ದೀಪ ಹತ್ತಿತೆಂದರೆ ಆಯಿಲ್ ಪ್ರೆಶರ್, ಇಂಜಿನ್ನಿನೊಳಗಿನ ಎಣ್ಣೆಯ ಒತ್ತಡ, ಇಳಿದಿದೆ ಎಂದರ್ಥ. ಗಾಡಿ ಕೊಂಡ ಹದಿನಾಲ್ಕು ವರ್ಷದಲ್ಲಿ, ಓಡುತ್ತಿರುವಾಗ ಅದು ಹತ್ತಿದ್ದನ್ನು ಅವನು ಕಂಡಿರಲಿಲ್ಲ.

ದೇವೇಂದ್ರಪ್ಪನಿಗೆ ಐವತ್ಮೂರು. ಊರು ಬ್ಯಾಡಗಿ. ಹತ್ತು ಗಾಲಿಯ ಆ ಲಾರಿಗೆ ಅವನೇ ಮಾಲೀಕ, ಅವನೇ ಚಾಲಕ. ವರ್ಷಕ್ಕೆ ಮೂರು ನಾಲ್ಕು ಸಲ ಮೆಣಸಿನಕಾಯಿ ಹೇರಿಕೊಂಡು ಬನಾರಸದ ಮಂಡಿಗೆ ಬರುತ್ತಿದ್ದ. ಕರೋನದ ಎರಡನೇ ವರ್ಷ ಜ್ವರ ಬಂದು ಹೋದಾಗ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಮೆಣಸಿನಕಾಯಿ ಘಾಟಿಗೆ ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು, ಆದರೆ ಅದರ ವಾಸನೆ ಏನೆಂಬುದು ಅವನಿಗೆ ಮರೆತೇ ಹೋಗಿತ್ತು. ಇದನ್ನು ಹೆಂಡತಿ ಪ್ರಮೀಳಾಳನ್ನು ಬಿಟ್ಟು ಬೇರೆ ಯಾರಿಗೂ ಅವನು ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ಕಾಯಿಲೆಯೂ ಅಲ್ಲ ಅದು.

ದಾರಿಬದಿಯ ಧಾಬಾದ ಪಕ್ಕದಲ್ಲಿದ್ದ ಮೆಕ್ಯಾನಿಕ್ ಒಬ್ಬ ಬಗ್ಗಿಯೂ ನೋಡದೆ, "ಎಣ್ಣೆ ಹಾಕು, ಸರಿಹೋಗುತ್ತೆ" ಎಂದ. ದೇವೇಂದ್ರಪ್ಪ ಒಂದು ಲೀಟರ್ ಹಾಕಿ ಮುಂದೆ ಹೊರಟ. ಸರಿಹೋಗಲಿಲ್ಲ. ಮಿರ್ಜಾಪುರ ಬರುವ ಹೊತ್ತಿಗೆ ಸದ್ದು ಜೋರಾಯಿತು. ಬನಾರಸದ ಮಂಡಿಯಲ್ಲಿ ಬೆಳಗಿನ ಜಾವ ಮೆಣಸಿನಕಾಯಿ ಇಳಿಸಿ, ಗಾಡಿಯನ್ನು ಇಪ್ಪತ್ತರ ವೇಗದಲ್ಲಿ ಕೂಸಿನಂತೆ ನಡೆಸಿಕೊಂಡು ಗಂಗೆ ದಾಟಿ, ಆಚೆ ದಡದ ರಾಮನಗರದ ಹೆದ್ದಾರಿ ಬದಿಯ ರಾಜೇಶನ ಗ್ಯಾರೇಜಿಗೆ ತಂದು ನಿಲ್ಲಿಸಿದಾಗ, ದೀಪ ಆರುವುದನ್ನೇ ಬಿಟ್ಟಿತ್ತು.

ರಾಜೇಶ ಅಲ್ಲಿಯವನೇ, ನಲವತ್ತರ ಆಸುಪಾಸಿನವ, ಕೆಲಸ ಬಲ್ಲವ. ಟ್ರಾನ್ಸ್‌ಪೋರ್ಟಿನವರೆಲ್ಲ ಅವನ ಹೆಸರನ್ನೇ ಹೇಳಿದ್ದರು. ದೀಪ ಸುಳ್ಳು ಹೇಳುತ್ತಿರಬಹುದೆಂದು ಮೊದಲು ಅದರ ಸ್ವಿಚ್ಚು ಬಿಚ್ಚಿ, ಆ ಜಾಗಕ್ಕೆ ತನ್ನ ಪ್ರೆಶರ್ ಗೇಜಿನ ಪೈಪು ತಿರುಗಿಸಿ ಕೂರಿಸಿ ಇಂಜಿನ್ ಚಾಲೂ ಮಾಡಿಸಿದ. ದೀಪ ಸುಳ್ಳು ಹೇಳಿರಲಿಲ್ಲ. ಇಂಜಿನ್ ಬಿಸಿಯಾದಂತೆ ಗೇಜಿನ ಮುಳ್ಳು ಇಳಿಯುತ್ತ ಇಳಿಯುತ್ತ ಸೊನ್ನೆಯ ಪಕ್ಕದಲ್ಲಿ ಹೋಗಿ ಕೂತಿತು. ಮೇಲೆ ವಾಲ್ವುಗಳನ್ನು ತಳ್ಳುವ ಟ್ಯಾಪೆಟ್ಟುಗಳೆಲ್ಲ ಒಟ್ಟಿಗೆ ಹಲ್ಲು ಕಡಿಯುತ್ತಿದ್ದವು. ರಾಜೇಶ ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿದ. ಎಣ್ಣೆ ಮೇಲಿನ ಗೆರೆಗಿಂತ ಎರಡು ಬೆರಳು ಜಾಸ್ತಿಯೇ ಇತ್ತು.

"ದಾರಿಯಲ್ಲಿ ಎಣ್ಣೆ ಹಾಕಿದಿರಾ?" ಹಿಂದಿಯಲ್ಲಿ ಕೇಳಿದ.

"ಹಾಕಿದೆ, ರೇವಾದ ಹತ್ತಿರ" ಎಂದ ದೇವೇಂದ್ರಪ್ಪ. ಇಪ್ಪತ್ತೈದು ವರ್ಷ ರಸ್ತೆಯಲ್ಲಿ ಕಲಿತ ಹಿಂದಿ ಅವನದು.

ರಾಜೇಶ ತಲೆಯಾಡಿಸಿದ. "ಭಾಯಿಸಾಬ್, ಎಣ್ಣೆ ತುಂಬಿದೆ, ಪ್ರೆಶರ್ ಇಲ್ಲ. ಅಂದರೆ ಒಳಗೆ ಬೇರಿಂಗುಗಳು ಸವೆದಿವೆ. ಇಂಜಿನ್ ಇಳಿಸಬೇಕು. ಕ್ರ್ಯಾಂಕ್ ದಂಡ ನೋಡಿದ ಮೇಲೆ ಉಳಿದ ಮಾತು. ಹದಿನೈದು ದಿನ ಹಿಡಿಯಬಹುದು."

ದೇವೇಂದ್ರಪ್ಪ ಗ್ಯಾರೇಜಿನ ಮುಂದಿದ್ದ ಹಳೆಯ ಟೈರಿನ ಮೇಲೆ ಕೂತ. ರಾಜೇಶ ಮೋಸ ಮಾಡುತ್ತಿದ್ದಾನೆ ಎಂದು ಅವನಿಗೆ ಅನ್ನಿಸಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಮೋಸವಾಗಿದ್ದರೆ ಜಗಳ ಮಾಡಿ ಬೇರೆ ಗ್ಯಾರೇಜಿಗೆ ಹೋಗಬಹುದಿತ್ತು. ಪ್ರಮೀಳಾಗೆ ಫೋನ್ ಮಾಡಿದ.

"ಇಂಜಿನ್ ಹೋಗೇತಂತ" ಎಂದ.

ಅವಳು, "ನೀವು ಅರಾಮದೀರಿ ಹೌದಲ್ಲೋ?" ಎಂದಳು.

"ಅರಾಮದೀನಿ."

"ಹಂಗಾದ್ರ ಗಾಡಿ ಅಲ್ಲೇ ಮಾರಿ ರೈಲು ಹತ್ತಿ ಬಂದ್ಬಿಡ್ರಿ. ಎಷ್ಟು ವರ್ಷ ಅಂತ ಓಡಸ್ತೀರಿ."

ಅವಳು ಬೇಸರದಿಂದ ಹೇಳಿದ್ದಲ್ಲ, ಗಂಡನ ದಣಿವು ದನಿಯಲ್ಲಿ ಕೇಳಿಸಿದ್ದಕ್ಕೆ ಹೇಳಿದ್ದು. ದೇವೇಂದ್ರಪ್ಪ ಹೂಂ ಅಂದ. ಅಂದ ಮೇಲೆ ಗಾಡಿಯ ಕಡೆ ನೋಡಲಾಗಲಿಲ್ಲ. ಹಳೆಯ ಗಾಡಿ ಕೊಳ್ಳುವವನೊಬ್ಬ ಮರುದಿನ ಬೆಳಿಗ್ಗೆ ಬಂದು ನೋಡುತ್ತಾನೆಂದು ರಾಜೇಶನೇ ಫೋನ್ ಮಾಡಿ ಗೊತ್ತುಮಾಡಿಕೊಟ್ಟ.

ಲಾರಿಯ ಹಿಂಬದಿಯಲ್ಲಿ ಇನ್ನೂ ಎಂಟು ಚೀಲ ಬಿಳಿಜೋಳ ಉಳಿದಿತ್ತು. ಕಾಶಿಯಲ್ಲಿ ನಮ್ಮ ಕಡೆಯವರ ಮಠವೊಂದಿದೆ. ಬ್ಯಾಡಗಿಯ ಭಕ್ತರು ಅದರ ಅಡಿಗೆಮನೆಗೆಂದು ಕಳಿಸಿದ್ದ ಜೋಳ ಅದು. ಪ್ರತಿಸಲ ರಾತ್ರಿ ಲಾರಿಗಳ ನೋ ಎಂಟ್ರಿ ಹೊತ್ತು ಮುಗಿದ ಮೇಲೆ ದೇವೇಂದ್ರಪ್ಪ ತಾನೇ ಊರೊಳಗೆ ಹೋಗಿ ಇಳಿಸಿ ಬರುತ್ತಿದ್ದ. ಈ ಸಲ ಆಗುವುದಿಲ್ಲವೆಂದು ಮಠಕ್ಕೆ ಫೋನ್ ಮಾಡಿದ. ಅಲ್ಲಿಯ ಉಸ್ತುವಾರಿ ನೋಡಿಕೊಳ್ಳುವ ಚಂದ್ರಮೌಳೇಶ್ವರ, "ಚಿಂತಿ ಮಾಡಬ್ಯಾಡ್ರಿ, ಸಣ್ಣ ಟೆಂಪೊ ಕಳಸ್ತೀವಿ. ಜೋಳ ನೋಡಿ ತರಾಕ ಕಾಳಮ್ಮನೂ ಬರ್ತಾಳ" ಎಂದರು.

ಮಧ್ಯಾಹ್ನದ ಹೊತ್ತಿಗೆ ಟೆಂಪೊ ಬಂತು. ಚಾಲಕನ ಪಕ್ಕದಿಂದ ಎಪ್ಪತ್ತು ದಾಟಿದ ಮುದುಕಿ ಇಳಿದಳು. ಬಿಳಿ ಸೀರೆ, ಹಣೆಯ ತುಂಬ ವಿಭೂತಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಊರು ಗದಗ. ಗಂಡ ತೀರಿಕೊಂಡ ಐದು ವರ್ಷಕ್ಕೆ, ಕೊನೆಯ ದಿನಗಳನ್ನು ಇಲ್ಲೇ ಕಳೆಯಬೇಕೆಂದು ಬಂದು ಆರು ವರ್ಷವಾಗಿತ್ತು. ಸುಮ್ಮನೆ ಕೂರಲಾಗದೆ ಮಠದ ಅಡಿಗೆಮನೆಯಲ್ಲಿ ರೊಟ್ಟಿಯ ಕೆಲಸ ನೋಡಿಕೊಂಡಿದ್ದಳು. ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಜೋಳ ಅಂಗೈಗೆ ಸುರಿದುಕೊಂಡು ಊದಿ, ಎರಡು ಕಾಳು ಬಾಯಿಗೆ ಹಾಕಿ ಕಡಿದು, "ಛಲೋ ಐತಿ, ಹುಳ ಇಲ್ಲ" ಎಂದಳು.

ಚೀಲಗಳು ಟೆಂಪೊಗೆ ಹೋಗುತ್ತಿದ್ದಾಗ ರಾಜೇಶ ಗೇಜು ಬಿಚ್ಚುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಇಂಜಿನ್ ಚಾಲೂ ಮಾಡಿದ. ಟಕಟಕ ಸದ್ದು ಗ್ಯಾರೇಜಿನ ತಗಡಿಗೆ ಬಡಿದು ಎರಡು ಪಟ್ಟಾಯಿತು. ಕಾಳಮ್ಮ ಚೀಲ ಎಣಿಸುವುದನ್ನು ಬಿಟ್ಟು ತಿರುಗಿ ನಿಂತಳು. ಕಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

"ಏನಂತಾರ ಇದಕ್ಕ?" ಎಂದು ದೇವೇಂದ್ರಪ್ಪನನ್ನು ಕೇಳಿದಳು.

"ಬೇರಿಂಗ್ ಹೋಗ್ಯಾವಂತ್ರಿ ಅಮ್ಮಾರ. ಎಣ್ಣಿ ಪ್ರೆಶರ್ ಇಲ್ಲ."

"ಬೇರಿಂಗ್ ಹೋದ್ರ ಕೆಳಗ ಗುದ್ದತೈತಿ. ದಪ್ಪ ಸದ್ದು, ಎದಿಗೆ ಬಡಿಯೂವಂಥಾದ್ದು. ಇದು ಬರೇ ಮ್ಯಾಲ ಐತಲ್ಲ? ಟ್ಯಾಪೆಟ್ ಬಡ್ಕೋತಾವ, ಕೆಳಗ ಏನೂ ಇಲ್ಲ."

ದೇವೇಂದ್ರಪ್ಪ ಆಕೆಯ ಮುಖ ನೋಡಿದ. ಮಠದ ಅಡಿಗೆಯ ಮುದುಕಿಯ ಬಾಯಲ್ಲಿ ಟ್ಯಾಪೆಟ್ ಎಂಬ ಮಾತು ರೊಟ್ಟಿ ಎಂದಷ್ಟೇ ಸಲೀಸಾಗಿ ಬಂದಿತ್ತು.

"ನಮ್ಮ ಮನಿಯವ್ರದು ಗದಗಿನಾಗ ಡೀಸೆಲ್ ಗ್ಯಾರೇಜ್ ಇತ್ತು" ಎಂದಳು ಕಾಳಮ್ಮ. "ಅವರು ಬಿಚ್ಚತಿದ್ರು, ನಾ ತೊಳೀತಿದ್ದೆ. ಮೂವತ್ತು ವರ್ಷ ಸಾಮಾನು ತೊಳದೀನಿ. ಎಣ್ಣಿ ಎಷ್ಟೈತಿ?"

"ಜಾಸ್ತಿನ ಐತ್ರಿ. ಗೆರಿಗಿಂತ ಎರಡು ಬಟ್ಟು ಮ್ಯಾಲ."

"ನೀನೇನರ ಹಾಕಿದ್ಯಾ?"

"ರೇವಾದಾಗ ಒಂದು ಲೀಟರ್ ಹಾಕ್ದೆ."

"ಹಾಕೂಕಿಂತ ಮೊದಲ ಕಡ್ಡಿ ತಗದು ನೋಡಿದ್ಯಾ? ಎಲ್ಲಿತ್ತು?"

ದೇವೇಂದ್ರಪ್ಪ ಯೋಚಿಸಿದ. ನೋಡಿದ್ದ. ಕತ್ತಲಲ್ಲಿ ಮೊಬೈಲಿನ ಬೆಳಕು ಹಿಡಿದು ನೋಡಿದ್ದ. ಆಗಲೇ ಗೆರೆಯ ಮೇಲೆ ಇತ್ತು. ದೀಪ ಮಿನುಗಿದ್ದರ ಹೆದರಿಕೆಯಲ್ಲಿ, ಮೆಕ್ಯಾನಿಕ್ ಹೇಳಿದನೆಂದು ಸುರಿದುಬಿಟ್ಟಿದ್ದ.

"ಆವಾಗ್ಲೇ ತುಂಬಿತ್ರಿ" ಎಂದ ನಿಧಾನವಾಗಿ.

"ಮತ್ತ ಅದನ್ನ ಈ ತಮ್ಮಗ ಯಾಕ ಹೇಳಲಿಲ್ಲ?"

"ಅವ ಕೇಳಲಿಲ್ಲ, ನನಗ ಹೊಳೀಲಿಲ್ಲ."

ಕಾಳಮ್ಮ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಎರಡೂ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ರಾಜೇಶ ಇಂಜಿನ್ ಆರಿಸಿ, ಇದೇನು ನಡೆಯುತ್ತಿದೆ ಎಂದು ನೋಡುತ್ತ ನಿಂತಿದ್ದ. ಆಕೆ ಕಡ್ಡಿ ಎಳೆದು ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿದಳು. ಎಣ್ಣೆ ನೂಲಿನಂತೆ ಎಳೆಯಲಿಲ್ಲ, ನೀರಿನಂತೆ ಜಾರಿತು. ಮೂಗಿನ ಹತ್ತಿರ ಹಿಡಿದಳು. ಆಮೇಲೆ ಅದೇ ಬೆರಳನ್ನು ದೇವೇಂದ್ರಪ್ಪನ ಮೂಗಿನ ಮುಂದೆ ಹಿಡಿದು, "ನೋಡು, ಏನು ವಾಸನಿ?" ಎಂದಳು.

ದೇವೇಂದ್ರಪ್ಪನಿಗೆ ಮುಖ ಬಿಸಿಯಾಯಿತು. "ನನಗ ವಾಸನಿ ಬರಂಗಿಲ್ರಿ ಅಮ್ಮಾರ. ಕರೋನ ಆದಾಗಿಂದ ಹೋಗೇತಿ."

ಆಕೆ ಬೆರಳು ಹಿಂದಕ್ಕೆ ತೆಗೆದಳು. ಅಯ್ಯೋ ಪಾಪ ಎನ್ನಲಿಲ್ಲ. "ಹಂಗಾದ್ರ ನಿನ್ನದೇನೂ ತಪ್ಪಿಲ್ಲ" ಎಂದಳು. "ಇದರಾಗ ಡೀಸೆಲ್ ಕೂಡೇತಿ. ಎಣ್ಣಿ ತಾನಽ ಹೆಂಗ ಹೆಚ್ಚಾಗತೈತಿ? ಡೀಸೆಲ್ ಒಳಗ ಇಳಿಯಾಕ ಹತ್ತೇತಿ. ಎಣ್ಣಿ ತಿಳಿ ಆತಂದ್ರ ಪ್ರೆಶರ್ ಎಲ್ಲಿಂದ ಬರಬೇಕು?"

ದೇವೇಂದ್ರಪ್ಪ ಅದನ್ನು ಹಿಂದಿಯಲ್ಲಿ ರಾಜೇಶನಿಗೆ ಹೇಳಿದ. ರಾಜೇಶ ಮೊದಲು ನಕ್ಕ. ಕಡ್ಡಿ ತೆಗೆದುಕೊಂಡು ತಾನೂ ಮೂಸಿದ, ಹೆಗಲು ಕುಣಿಸಿದ. ಅವನ ಕೈ, ಅಂಗಿ, ನಿಂತ ನೆಲ ಎಲ್ಲವೂ ಡೀಸೆಲ್ಲೇ ಆಗಿತ್ತು, ಕಡ್ಡಿಯದು ಬೇರೆಯಾಗಿ ತಿಳಿಯುವ ಹಾಗಿರಲಿಲ್ಲ. ಕಾಳಮ್ಮ ವಾದ ಮಾಡಲಿಲ್ಲ. ಹೊಸ ಫಿಲ್ಟರಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಹರಿದು ಬೆಂಚಿನ ಮೇಲಿಟ್ಟಳು. ರಾಜೇಶನ ಡಬ್ಬಿಯಿಂದ ಹೊಸ ಎಣ್ಣೆಯ ಒಂದು ಹನಿ, ಪಕ್ಕದಲ್ಲಿ ಕಡ್ಡಿಯಿಂದ ಒಂದು ಹನಿ ಬಿಟ್ಟಳು. "ಚಾಯ್ ಕುಡಿಯೂಷ್ಟೊತ್ತು ಬಿಡ್ರಿ" ಎಂದಳು.

ಮೂವರೂ ಚಹಾ ಕುಡಿದರು. ಹೊಸ ಎಣ್ಣೆಯ ಹನಿ ಇದ್ದಲ್ಲೇ ಗುಂಡಗೆ ಕೂತಿತ್ತು. ಇನ್ನೊಂದರ ನಡುವೆ ಕಪ್ಪು ಚುಕ್ಕೆ ಉಳಿದು, ಸುತ್ತ ತೆಳ್ಳನೆಯ ಒದ್ದೆ ಉಂಗುರ ಅಂಗೈಯಗಲ ಹರಡಿತ್ತು. ರಾಜೇಶ ಗ್ಲಾಸು ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡಿದ. ನಂತರ ಲಾರಿಯ ಅಡಿಗೆ ಹೋಗಿ, ಇಂಜಿನ್ನಿನ ತಳದ ಎಣ್ಣೆ ಬಿಡುವ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

ಅಳತೆಯ ಕ್ಯಾನಿನಲ್ಲಿ ಎಣ್ಣೆ ಹಿಡಿದರು. ಆ ಇಂಜಿನ್ನಿಗೆ ಹಿಡಿಯುವುದು ಹದಿನಾರು ಲೀಟರ್, ದೇವೇಂದ್ರಪ್ಪ ಹಾಕಿದ್ದು ಒಂದು. ಹದಿನೇಳಾಯಿತು, ಇನ್ನೂ ಬರುತ್ತಿತ್ತು. ಇಪ್ಪತ್ತಾಯಿತು. ಇಪ್ಪತ್ತೊಂದೂವರೆಗೆ ಧಾರೆ ನಿಂತಿತು. ರಾಜೇಶ ಅಡಿಯಿಂದ ತಲೆ ಹೊರಗೆ ಹಾಕಿ, "ಅಮ್ಮಾಜಿ, ನಾಲ್ಕೂವರೆ ಲೀಟರ್ ಡೀಸೆಲ್!" ಎಂದ. ಅವನ ದನಿಯಲ್ಲಿ ಸೋತ ಬೇಸರವಿರಲಿಲ್ಲ, ಬೆರಗಿತ್ತು.

ಆದರೂ ದೇವೇಂದ್ರಪ್ಪನಿಗೆ ಒಂದು ಹೆದರಿಕೆ ಉಳಿದಿತ್ತು. ತಿಳಿ ಎಣ್ಣೆಯಲ್ಲಿ ರೇವಾದಿಂದ ಇಲ್ಲಿಯವರೆಗೆ ಓಡಿಸಿದ್ದಾನೆ. ಬೇರಿಂಗುಗಳು ಇಷ್ಟರಲ್ಲಿ ನಿಜವಾಗಿಯೂ ಹೋಗಿದ್ದರೆ? ಅವನು ಕೇಳುವ ಮುಂಚೆ ಕಾಳಮ್ಮನೇ ಹಳೆಯ ಫಿಲ್ಟರ್ ಕೊಯ್ಯಲು ಹೇಳಿದಳು. ರಾಜೇಶ ಹ್ಯಾಕ್ಸಾ ಬ್ಲೇಡಿನಿಂದ ಅದರ ತಗಡನ್ನು ಸುತ್ತಲೂ ಕೊಯ್ದು ಒಳಗಿನ ಕಾಗದದ ಮಡಿಕೆಗಳನ್ನು ಹೊರತೆಗೆದ. ಆಕೆ ಅವನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಮಡಿಕೆ ಬಿಡಿಸಿ, ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ದೇವೇಂದ್ರಪ್ಪ ಪಕ್ಕದಲ್ಲೇ ನಿಂತಿದ್ದ. ಕೊನೆಯ ಮಡಿಕೆಯವರೆಗೂ ಬರೀ ಕಪ್ಪು.

"ಬೇರಿಂಗ್ ಸವದಿದ್ರ ಇದರಾಗ ಲೋಹದ ಪುಡಿ ಜರಿ ಹಂಗ ಹೊಳೀತಿತ್ತು" ಎಂದಳು ಆಕೆ. "ಏನೂ ಇಲ್ಲ. ಬ್ಯಾಸರಾಗಬ್ಯಾಡ, ನಿನ್ನ ಗಾಡಿ ಉಳದೈತಿ. ಇನ್ನೊಂದು ನೂರು ಕಿಲೋಮೀಟರ್ ಓಡಿಸಿದ್ರ ಹೇಳಾಕಾಗತಿರಲಿಲ್ಲ."

ದೇವೇಂದ್ರಪ್ಪ ಲಾರಿಯ ಮಡ್‌ಗಾರ್ಡಿಗೆ ಕೈ ಊರಿಕೊಂಡ.

ಡೀಸೆಲ್ ಎಲ್ಲಿಂದ ಇಳಿಯುತ್ತಿದೆ ಎಂಬುದನ್ನು ರಾಜೇಶನೇ ಹುಡುಕಿದ. ಈಗ ಅವನಿಗೆ ಹುರುಪು ಬಂದಿತ್ತು. ಸೈಲೆನ್ಸರ್ ನಳಿಗೆಯಿಂದ ಬಿಳಿ ಹೊಗೆ ಬಂದಿಲ್ಲ, ಆದ್ದರಿಂದ ಸೋರುತ್ತಿರುವುದು ಇಂಜೆಕ್ಟರ್ ಅಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಸಣ್ಣ ಫೀಡ್ ಪಂಪನ್ನು ಬಿಚ್ಚಿ ಕೈಯಲ್ಲಿ ಹಿಡಿದು ಒತ್ತಿದ. ಇಂಜಿನ್ನಿನ ಕಡೆಗೆ ಮುಖಮಾಡಿದ್ದ ಪಂಪಿನ ಸಣ್ಣ ಸರಳಿನ ಸುತ್ತ ಡೀಸೆಲ್ ಬೆವರಿನಂತೆ ಒಸರಿ ಅವನ ಮಣಿಕಟ್ಟಿನ ಮೇಲೆ ಇಳಿಯಿತು. ಸೀಲು ಸವೆದು ಹೋಗಿತ್ತು. ಕಿರುಬೆರಳಿನ ಉಗುರಿನಷ್ಟು ರಬ್ಬರು.

"ಇಷ್ಟಕ್ಕೆ ನಾನು ಇಂಜಿನ್ ಇಳಿಸುತ್ತಿದ್ದೆ" ಎಂದ ರಾಜೇಶ. ದೇವೇಂದ್ರಪ್ಪನ ಮುಖ ನೋಡದೆ, "ಮಾಫ್ ಮಾಡಿ ಭಾಯಿಸಾಬ್, ನಾನು ಕೇಳಬೇಕಿತ್ತು" ಎಂದ.

"ನಾನು ಹೇಳಬೇಕಿತ್ತು" ಎಂದ ದೇವೇಂದ್ರಪ್ಪ.

ಹಳೆಯ ಗಾಡಿ ಕೊಳ್ಳುವವನಿಗೆ ಬರುವುದು ಬೇಡವೆಂದು ರಾಜೇಶ ಫೋನ್ ಮಾಡಿದ. ತಾನೇ ಬೈಕಿನಲ್ಲಿ ಹೋಗಿ ಹೊಸ ಫೀಡ್ ಪಂಪು ತಂದು ಕೂರಿಸಿದ. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದ. ಟ್ಯಾಪೆಟ್ಟುಗಳ ಮೇಲಿನ ಮುಚ್ಚಳ ತೆಗೆದು, ಅಳತೆಯ ತೆಳು ತಗಡಿನ ಎಸಳು ತೂರಿಸಿ ಒಂದೊಂದರ ಸಂದನ್ನೂ ಸರಿಮಾಡಿದ. ಚಂದ್ರಮೌಳೇಶ್ವರರು ಜೋಳದ ಟೆಂಪೊ ಬಂತು, ಕಾಳಮ್ಮ ಎಲ್ಲಿ ಎಂದು ಎರಡು ಸಲ ಫೋನ್ ಮಾಡಿದರು. "ಕೆಲಸ ಐತ್ರಿ, ಬರ್ತೀನಿ" ಎಂದಳು ಕಾಳಮ್ಮ. ತಟ್ಟೆಯಲ್ಲಿ ಡೀಸೆಲ್ ಹಾಕಿಕೊಂಡು, ಬಿಚ್ಚಿಟ್ಟ ಬೋಲ್ಟುಗಳನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು ಸಾಲಾಗಿ ಬಟ್ಟೆಯ ಮೇಲೆ ಇಡುತ್ತಿದ್ದಳು ಆಕೆ. ಬೇಡ ಎಂದು ಇಬ್ಬರೂ ಹೇಳಿ ಸೋತಿದ್ದರು.

ನಾಲ್ಕು ಗಂಟೆಗೆ ದೇವೇಂದ್ರಪ್ಪ ಕ್ಯಾಬಿನ್ ಹತ್ತಿ ಕೀಲಿ ತಿರುಗಿಸಿದ. ಮೊದಲ ಎರಡು ಮೂರು ಸೆಕೆಂಡು ಅದೇ ಟಕಟಕ. ನಂತರ ಎಣ್ಣೆ ಮೇಲೇರಿರಬೇಕು, ಸದ್ದು ಒಂದೊಂದಾಗಿ ಕಡಿಮೆಯಾಗುತ್ತ ಬಂದು ನಿಂತಿತು. ಹದಿನಾಲ್ಕು ವರ್ಷದಿಂದ ಕೇಳಿದ ಅದೇ ಗಂಭೀರ ದನಿ. ಗೇಜಿನ ಮುಳ್ಳು ಮೇಲೆ ಹೋಗಿ ಅಲ್ಲೇ ನಿಂತಿತು. ರಾಜೇಶ ಕೈ ಎತ್ತಿ, "ಹರ ಹರ ಮಹಾದೇವ!" ಎಂದು ಕೂಗಿದ.

"ತಣ್ಣಗಿದ್ದಾಗ ಎಲ್ಲಾ ಛಲೋನ ಇರತೈತಿ" ಎಂದಳು ಕಾಳಮ್ಮ. "ಒಂದು ಸುತ್ತು ಹೋಗಿ ಬಾ. ಬಿಸಿ ಆದಮ್ಯಾಲೂ ಮುಳ್ಳು ನಿಂತ್ರ ನಂಬು."

"ನೀವೂ ಬರ್ರಿ ಅಮ್ಮಾರ. ಮುಳ್ಳು ನೀವ ನೋಡ್ರಿ. ಹಂಗ ಸೇತುವಿ ಆಚೆ ನಗವಾ ಹತ್ರ ಇಳಸ್ತೀನಿ, ಅಲ್ಲಿಂದ ರಿಕ್ಷಾ ಮಾಡಿ ಕೊಡ್ತೀನಿ."

ಆಕೆ ಲಾರಿಯ ಎತ್ತರದ ಮೆಟ್ಟಿಲು ನೋಡಿ ಒಂದು ಕ್ಷಣ ಹಿಂಜರಿದಳು. "ಮೂವತ್ತು ವರ್ಷದಾಗ ಒಮ್ಮಿನೂ ಲಾರಿ ಹತ್ತಿಲ್ಲ ನೋಡು. ಸಾಮಾನು ತೊಳಿಯೂದಷ್ಟ ನನ್ನ ಕೆಲಸ. ಟ್ರಯಲ್ ನೋಡಾಕ ಅವರಽ ಹೋಗತಿದ್ರು" ಎಂದಳು. ದೇವೇಂದ್ರಪ್ಪ ಮೇಲಿನಿಂದ ಕೈ ಕೊಟ್ಟ, ರಾಜೇಶ ಕೆಳಗಿನಿಂದ ಸ್ಟೂಲು ಇಟ್ಟ. ಆಕೆ ಹತ್ತಿ ಕೂತು ಸೆರಗು ಸರಿಮಾಡಿಕೊಂಡಳು. ರಾಜೇಶ ಗೇಜನ್ನು ಬಿಚ್ಚದೆ, ಅದರ ಉದ್ದನೆಯ ಪೈಪನ್ನು ಕಿಟಕಿಯಿಂದ ಒಳಗೆ ತಂದು ಆಕೆಯ ಕೈಗೇ ಕೊಟ್ಟ.

ಹೆದ್ದಾರಿಗೆ ಬಂದು ದೇವೇಂದ್ರಪ್ಪ ವೇಗ ಏರಿಸಿದ. ಹತ್ತು ಕಿಲೋಮೀಟರ್ ಮೊಘಲ್‌ಸರಾಯ್ ಕಡೆಗೆ ಹೋಗಿ ತಿರುಗಿಸಿದ. ಇಂಜಿನ್ ಚೆನ್ನಾಗಿ ಬಿಸಿಯಾಗಿತ್ತು. ಸೇತುವೆಯ ಮೇಲೆ ಬರುವಾಗ ಬಲಗಡೆ ಗಂಗೆ ಅಗಲವಾಗಿ ತೆರೆದುಕೊಂಡಳು. ದೂರದಲ್ಲಿ ಘಾಟುಗಳ ಸಾಲು, ಅವುಗಳ ಹಿಂದೆ ಇಳಿಬಿಸಿಲು. ಇಲ್ಲಿಂದ ಊರು ಇಷ್ಟು ಚೆನ್ನಾಗಿ ಕಾಣುತ್ತದೆಂದು ದೇವೇಂದ್ರಪ್ಪ ಎಂದೂ ಗಮನಿಸಿರಲಿಲ್ಲ.

"ಅಮ್ಮಾರ, ಗಂಗಿ ನೋಡ್ರಿ" ಎಂದ.

ಕಾಳಮ್ಮ ಕಣ್ಣೆತ್ತಲಿಲ್ಲ. ಎರಡೂ ಕೈಯಲ್ಲಿ ಗೇಜನ್ನು ಹಿಡಿದು ಮುಳ್ಳನ್ನೇ ನೋಡುತ್ತಿದ್ದಳು.

"ಗಂಗಿನ್ನ ದಿನಾ ನೋಡ್ತೀನಪ್ಪಾ" ಎಂದಳು. "ಇದನ್ನ ನೋಡಿ ಹನ್ನೊಂದು ವರ್ಷ ಆಗಿತ್ತು."

ಸೇತುವೆ ದಾಟುವವರೆಗೂ ಮುಳ್ಳು ಕದಲಲಿಲ್ಲ. ಮುಂದೆ ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಇಂಜಿನ್ ಸುಮ್ಮನೆ ತಿರುಗಲು ಬಿಟ್ಟು, ಇನ್ನೂ ಐದು ನಿಮಿಷ ನೋಡಿದರು. ನಿಂತಲ್ಲೇ ನಿಂತಿತ್ತು. "ಹೂಂ, ಇದನ್ನ ಆ ಹುಡುಗಗ ವಾಪಸ್ ಕೊಟ್ಟು ಊರ ತನಕಾ ಹೋಗು" ಎಂದು ಆಕೆ ಗೇಜನ್ನು ಸೀಟಿನ ಮೇಲಿಟ್ಟಳು.

ದೇವೇಂದ್ರಪ್ಪ ಆಕೆಯನ್ನು ಇಳಿಸಿ, ರಸ್ತೆಯ ಅಂಚಿನಲ್ಲೇ ಬಗ್ಗಿ ಕಾಲು ಮುಟ್ಟಿದ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆಕೆಯ ಕಾಲ ಮೇಲೆ ಡೀಸೆಲ್ಲಿನ ಕಲೆ ಕಂಡು ಅದೆಲ್ಲ ಮರೆತುಹೋಯಿತು.

"ನಿಮಗ ಏನು ಕೊಡ್ಲಿ ಅಮ್ಮಾರ?" ಎಂದಷ್ಟೇ ಕೇಳಲಾಯಿತು.

"ನೀ ಕೊಟ್ಟಿ, ನಾ ತಗೊಂಡೆ" ಎಂದಳು ಕಾಳಮ್ಮ. "ಅವರು ಹ್ವಾದ ಮರುದಿನಾನ ಗ್ಯಾರೇಜ್ ಬೀಗ ಹಾಕಿದ್ರು. ನನಗೇನರ ಗೊತ್ತೈತೇನು ಅಂತ ಯಾರೂ ಕೇಳಲಿಲ್ಲ, ನನಗೂ ಹೇಳಬೇಕಂತ ಅನ್ನಿಸಲಿಲ್ಲ. ಇವತ್ತು ನನ್ನ ಮಾತು ನೀ ಕೇಳಿದಿ, ಆ ಹುಡುಗನೂ ಕೇಳಿದ. ವಿಶ್ವನಾಥ ನಿಮ್ಮಿಬ್ಬರನ್ನೂ ಛಲೋ ಇಡಲಿ."

ಇ-ರಿಕ್ಷಾ ಬಂತು. ಕೇದಾರ ಘಾಟಿನ ಕಡೆ ಎಂದು ಹೇಳಿ ಆಕೆಯನ್ನು ಕೂರಿಸಿದ. ಆಕೆ ಹೋಗುತ್ತ ತಿರುಗಿ, ಮೂಗಿಗೆ ಎಳ್ಳೆಣ್ಣೆ ಎರಡು ಹನಿ ದಿನಾ ಬಿಟ್ಟು ನೋಡು, ಬಂದರೂ ಬರಬಹುದು ಎಂದು ಕೂಗಿ ಹೇಳಿದಳು. ರಿಕ್ಷಾ ಹಾರನ್‌ಗಳ ಗದ್ದಲದಲ್ಲಿ ಸೇರಿಕೊಂಡಿತು. ದೇವೇಂದ್ರಪ್ಪ ಅದು ಕಾಣದಾಗುವವರೆಗೂ ಕೈಮುಗಿದು ನಿಂತಿದ್ದ.

ಆಮೇಲೆ ಪ್ರಮೀಳಾಗೆ ಫೋನ್ ಮಾಡಿದ. "ಗಾಡಿ ತರಾಕ ಹತ್ತೀನಿ" ಎಂದ. ಏನಾಯಿತು, ಯಾರು ಸರಿಮಾಡಿದರು ಎಂದು ಅವಳು ಕೇಳಿದಳು. ಹೇಳಲು ಬಾಯಿ ತೆರೆದವನಿಗೆ ಅಳು ಬಂತು. ಅವಳು ಗಾಬರಿಯಾಗಿ, "ಯಾಕ್ರಿ, ಏನಾತು?" ಎಂದಳು.

"ಏನಾಗಿಲ್ಲ" ಎಂದು ಅವನು ಕಣ್ಣೊರೆಸಿಕೊಂಡ. "ಮೊದಲ ಒಂದು ಚಾಯ್ ಕುಡೀತೀನಿ. ಆಮ್ಯಾಲ ಎಲ್ಲಾ ಹೇಳ್ತೀನಿ, ಕೂತ್ಕೊಂಡು ಕೇಳು."